ಹತ್ತು ಜನ ಕೂಡಿದಲ್ಲಿ

‘ನಾಯಕ’ ಎಂಬುದು ಸಂಸ್ಕೃತದ ‘ನೀ’ ಧಾತುವಿನಿಂದ ಹುಟ್ಟಿದ ಮಾತು. ಒಯ್ಯುವುದು, ಕರೆದುಕೊಂಡು ಹೋಗುವುದು ಎಂದು ಆ ಧಾತುವಿಗೆ ಅರ್ಥ. ಕಣ್ಣಿಗೆ ‘ನೇತ್ರ’ವೆಂದೂ ‘ನಯನ’ವೆಂದೂ ಹೆಸರು ಬಂದದ್ದು ಅದರಿಂದಲೇ, ದಾರಿ ತೋರಿಸಿ ನಮ್ಮನ್ನು ಕರೆದೊಯ್ಯುವುದು ಕಣ್ಣೇ ಅಲ್ಲವೆ? ಕನ್ನಡದಲ್ಲಿ ನಾಯಕನಿಗೆ ನಾವು ‘ಮುಂದಾಳು’ ಎನ್ನುತ್ತೇವೆ. ಈ ಮಾತನ್ನು ಬಿಡಿಸಿ ನೋಡಿದರೆ ಇನ್ನೂ ಸ್ವಾರಸ್ಯವಿದೆ. ‘ಆಳು’ ಎಂಬುದು ಕ್ರಿಯಾಪದವಾದರೆ ಆಳ್ವಿಕೆ ನಡೆಸು ಎಂದರ್ಥ. ನಾಮಪದವಾದರೆ ಕೆಲಸಗಾರ, ಸೇವಕ ಎಂದರ್ಥ. ‘ಮುಂದಾಳು’ವಿನಲ್ಲಿ ಇರುವುದು ನಾಮಪದವೇ. ಮುಂದೆ ನಿಂತ ಆಳು. ಎಲ್ಲರಿಗಿಂತ ಮೊದಲು ಮೈಬಗ್ಗಿಸುವ ಕೆಲಸಗಾರ. ಆದರೆ ಈ ಮಾತನ್ನು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಏನೆಂದು ನೀವೇ ಯೋಚಿಸಿ ನೋಡಿ. ವೇದಿಕೆಯ ನಡುವಣ ಕುರ್ಚಿ, ಕೊರಳಿನ ಹಾರ, ಕೈಯಲ್ಲಿ ಧ್ವನಿವರ್ಧಕ. ಆಳಿನ ಚಿತ್ರ ಬರುವುದೇ ಇಲ್ಲ.

ನಮ್ಮಲ್ಲಿ ಹತ್ತು ಜನ ಕೂಡಿ ಮಾಡುವ ಯಾವ ಕೆಲಸ ಕೆಟ್ಟರೂ ಕೂಡಲೆ ಕೇಳಿಬರುವ ದೂರು ಒಂದೇ: ಸರಿಯಾದ ಮುಂದಾಳಿಲ್ಲ. ರಾಜ್ಯೋತ್ಸವದ ಸಂಘ ಎರಡು ವರ್ಷ ನಡೆದು ನಿಂತುಹೋಯಿತೆ? ಮುಂದಾಳಿಲ್ಲ. ಮಹಿಳಾ ಸಮಾಜದ ಹೊಲಿಗೆಯ ತರಗತಿ ಮುಚ್ಚಿತೆ? ಅಲ್ಲಿಯೂ ಅದೇ ಉತ್ತರ. ಪಂಡಿತನಾಗಿ ನಾಲ್ಕಾರು ಊರುಗಳ ಪ್ರೌಢಶಾಲೆಗಳಲ್ಲಿ ಪಾಠ ಹೇಳುತ್ತ, ಆಯಾ ಊರಿನ ಸಂಘಸಂಸ್ಥೆಗಳ ಒಳಗೂ ಹೊರಗೂ ಓಡಾಡಿದ ನನಗೆ ತೋರಿರುವುದು ಬೇರೆ. ಮುಂದಾಳುಗಳಿಗೆ ನಮ್ಮಲ್ಲಿ ಬರವಿಲ್ಲ. ಒಂದು ಸಂಘಕ್ಕೆ ಮೂವರು ಅಧ್ಯಕ್ಷರಾಗಬಲ್ಲವರು ಎಲ್ಲ ಊರಿನಲ್ಲಿಯೂ ಸಿಗುತ್ತಾರೆ. ಸಿಗದೆ ಇರುವವರು ಉಳಿದವರು.

ಒಂದು ಊರಿನ ಮಾತು ಹೇಳುತ್ತೇನೆ, ಹೆಸರು ಬೇಡ. ಅಲ್ಲಿ ಒಂದು ವಾಚನಾಲಯವಿತ್ತು. ಅದನ್ನು ಕಟ್ಟಿದವರು ಊರಿನ ಒಬ್ಬ ಹಿರಿಯರು, ನಿಸ್ಪೃಹರು, ವಿದ್ಯಾಪಕ್ಷಪಾತಿಗಳು. ಬೆಳಿಗ್ಗೆ ಬಾಗಿಲು ತೆರೆಯುವುದು ಅವರೇ, ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿಡುವುದು ಅವರೇ, ಚಂದಾ ಎತ್ತುವುದು ಅವರೇ, ಹರಿದ ಪುಸ್ತಕಕ್ಕೆ ರಟ್ಟು ಕಟ್ಟುವುದೂ ಅವರೇ. ಯಾರಾದರೂ ತರುಣರು ನೆರವಿಗೆ ಬಂದರೆ, ‘ನಿಮಗೇಕೆ ತೊಂದರೆ, ನಾನಿದ್ದೇನಲ್ಲ’ ಎಂದು ಪ್ರೀತಿಯಿಂದಲೇ ಕಳುಹಿಸಿಬಿಡುತ್ತಿದ್ದರು. ಹೀಗೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ವಯಸ್ಸಾಗಿ ಅವರು ಮಗನ ಊರಿಗೆ ಹೊರಟುಹೋದರು. ಅವರು ಹೋದ ಮೂರು ತಿಂಗಳಲ್ಲಿ ವಾಚನಾಲಯಕ್ಕೆ ಬೀಗ ಬಿತ್ತು. ಸದಸ್ಯರ ಪಟ್ಟಿ ಯಾವ ಪೆಟ್ಟಿಗೆಯಲ್ಲಿದೆ, ಯಾವ ಪತ್ರಿಕೆಗೆ ಎಲ್ಲಿಯವರೆಗೆ ಹಣ ಕಟ್ಟಿದೆ ಎಂಬುದು ಒಬ್ಬರಿಗೂ ತಿಳಿಯದು. ಊರಿನವರು ಎಂದಿನಂತೆ, ಅಂಥ ಮುಂದಾಳು ಮತ್ತೆ ಹುಟ್ಟಿಬರಬೇಕು ಎಂದರು. ಅವರ ತ್ಯಾಗದಲ್ಲಿ ನನಗೆ ಸಂಶಯವಿಲ್ಲ. ಆದರೆ ಒಬ್ಬರ ಉಸಿರಿನ ಮೇಲೆ ನಿಂತದ್ದು ಸಂಸ್ಥೆಯಾಗುವುದು ಹೇಗೆ?

ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿ ನೋಡಿದವರಿದ್ದಾರೆ. ಹಿಟ್ಲರನ ಜರ್ಮನಿಯನ್ನು 1933ರಲ್ಲಿ ಬಿಟ್ಟು ಅಮೆರಿಕಕ್ಕೆ ಹೋದ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು, ಲಿಪಿಟ್ ಮತ್ತು ವೈಟ್ ಎಂಬ ಇಬ್ಬರು ಕಿರಿಯರೊಡನೆ ಸೇರಿ, ಅಯೋವಾ ವಿಶ್ವವಿದ್ಯಾಲಯದಲ್ಲಿ ಹತ್ತು ವರ್ಷದ ಹುಡುಗರ ಚಿಕ್ಕ ಚಿಕ್ಕ ತಂಡಗಳನ್ನು ಮಾಡಿದರು. ಮುಖವಾಡ ಮಾಡುವುದು ಮುಂತಾದ ಕೈಗೆಲಸವನ್ನು ಅವಕ್ಕೆ ಕೊಟ್ಟರು. ಪ್ರತಿ ತಂಡಕ್ಕೂ ಒಬ್ಬ ದೊಡ್ಡವರು ಮುಖ್ಯಸ್ಥರು. ಒಂದು ಬಗೆಯ ಮುಖ್ಯಸ್ಥ ಎಲ್ಲವನ್ನೂ ತಾನೇ ಅಪ್ಪಣೆ ಮಾಡುವವನು. ಇನ್ನೊಬ್ಬ ಹುಡುಗರೊಡನೆ ಕೂಡಿ ಆಲೋಚಿಸಿ, ಕೆಲಸ ಹಂಚಿಕೊಳ್ಳಲು ಬಿಡುವವನು. ಮತ್ತೊಬ್ಬ ಏನಾದರೂ ಮಾಡಿಕೊಳ್ಳಿ ಎಂದು ಸುಮ್ಮನೆ ಕುಳಿತವನು. ಫಲಿತಾಂಶವನ್ನು 1939ರಲ್ಲಿ ಪ್ರಕಟಿಸಿದರು. ಅಪ್ಪಣೆಯ ತಂಡ ಸೋಮಾರಿಯೇನೂ ಆಗಿರಲಿಲ್ಲ. ಮುಖ್ಯಸ್ಥ ಎದುರಿಗಿದ್ದಷ್ಟು ಹೊತ್ತು ಅಲ್ಲಿ ಕೆಲಸ ಚೆನ್ನಾಗಿಯೇ ಸಾಗುತ್ತಿತ್ತು. ಆದರೆ ಆತ ಕೊಠಡಿಯಿಂದ ಹೊರಗೆ ಹೋದನೋ, ಕೆಲಸ ನಿಂತಿತು. ಕೂಡಿ ಆಲೋಚಿಸಿದ ತಂಡದಲ್ಲಿ ಮುಖ್ಯಸ್ಥ ಹೋದರೂ ಕೈಗಳು ನಿಲ್ಲಲಿಲ್ಲ. ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ನಾಟಿತು: ಅಪ್ಪಣೆಯ ತಂಡದ ಹುಡುಗರು ಮೇಲಿನವನ ಮೇಲೆ ತೋರಿಸಲಾರದ ಸಿಟ್ಟನ್ನು ತಮ್ಮಲ್ಲೇ ಒಬ್ಬ ಹುಡುಗನ ಮೇಲೆ ತೀರಿಸಿಕೊಂಡರು. ಆ ಹುಡುಗ ತಂಡವನ್ನೇ ಬಿಟ್ಟುಹೋದ. ಬಿಗಿಯಾದ ಅಧ್ಯಕ್ಷರಿರುವ ಸಂಘಗಳಲ್ಲಿ ಬಡ ಗುಮಾಸ್ತೆಯೊಬ್ಬ ಎಲ್ಲರ ಬೈಗುಳಕ್ಕೂ ಗುರಿಯಾಗುವುದನ್ನು ನೀವು ಕಂಡಿರಬಹುದು.

ಹಾಗಾದರೆ ಮುಂದಾಳಲ್ಲದ ‘ಉಳಿದವರು’ ಯಾರು? ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಒಂದು ಮದುವೆಯ ಮನೆಗೆ ಹೋದರೆ ಸಾಕು. ಬಾಗಿಲಲ್ಲಿ ಪನ್ನೀರುದಾನಿ ಹಿಡಿದವರ ಪಕ್ಕದಲ್ಲಿ ನಿಂತು ಕೈಮುಗಿಯುವವರು ಯಜಮಾನರು. ಬಂದವರಿಗೆಲ್ಲ ಕಾಣಿಸುವುದು ಅವರೊಬ್ಬರೇ. ಆದರೆ ಒಳಗೆ ಬನ್ನಿ. ಉಗ್ರಾಣದ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡ ಸೋದರತ್ತೆಯೊಬ್ಬರು ಇದ್ದೇ ಇರುತ್ತಾರೆ. ಎರಡನೆಯ ಪಂಕ್ತಿಗೆ ತುಪ್ಪ ಸಾಲುತ್ತದೆಯೋ ಇಲ್ಲವೋ ಎಂಬುದು ಅವರಿಗೆ ಗೊತ್ತು, ಯಜಮಾನರಿಗೆ ಗೊತ್ತಿಲ್ಲ. ಬೀಗರಲ್ಲಿ ಯಾರೋ ಒಬ್ಬರು ಕಾಫಿ ತಡವಾಯಿತೆಂದು ಮುನಿಸಿಕೊಂಡು ಕಂಬಕ್ಕೆ ಒರಗಿ ಕುಳಿತಾಗ, ಅವರ ಪಕ್ಕದಲ್ಲಿ ಹೋಗಿ ಕುಳಿತು, ಅವರ ಊರಿನ ಮಳೆ ಬೆಳೆಯ ಮಾತೆತ್ತಿ, ನಗಿಸಿ ಎಬ್ಬಿಸಿಕೊಂಡು ಬರುವ ಚಿಕ್ಕಪ್ಪ ಒಬ್ಬರು. ಜಮಖಾನ ಹಾಸುವ, ಎಲೆ ಎಣಿಸುವ, ಮಾತೇ ಆಡದ ಹುಡುಗ ಒಬ್ಬ. ‘ಓಲಗದವರಿಗೆ ಹಣ ಕೊಟ್ಟಾಯಿತೆ?’ ಎಂದು ಎಲ್ಲರೂ ಮರೆತದ್ದನ್ನು ಕೇಳುವವರು ಇನ್ನೊಬ್ಬರು. ತಾವು ಬಂದಿರುವುದು ಚಪ್ಪರಕ್ಕೆಲ್ಲ ತಿಳಿಯಬೇಕೆಂದು ಗಟ್ಟಿಯಾಗಿ ಸಲಹೆ ಕೊಡುತ್ತ ತಿರುಗುವ ಮಹನೀಯರೂ ಒಬ್ಬರುಂಟು. ಅವರಿಲ್ಲದ ಮದುವೆಯನ್ನು ನಾನು ನೋಡಿಲ್ಲ.

1948ರಲ್ಲಿ ಬೆನ್ ಮತ್ತು ಷೀಟ್ಸ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಒಂದು ಗುಂಪಿನಲ್ಲಿ ಜನ ವಹಿಸುವ ಪಾತ್ರಗಳನ್ನು ವಿಂಗಡಿಸಿದರು. ಕೆಲಸವನ್ನು ಮುಂದಕ್ಕೆ ಒಯ್ಯುವ ಪಾತ್ರಗಳು ಕೆಲವು. ಜನರನ್ನು ಒಂದಾಗಿ ಹಿಡಿದಿಡುವ ಪಾತ್ರಗಳು ಕೆಲವು. ತನ್ನ ಸ್ವಂತದ ಹಸಿವಿಗಾಗಿ ಆಡುವ ಪಾತ್ರಗಳು ಕೆಲವು. ನಮ್ಮ ಸೋದರತ್ತೆ ಮೊದಲನೆಯ ವರ್ಗ, ಚಿಕ್ಕಪ್ಪ ಎರಡನೆಯದು, ಸಲಹೆಯ ಮಹನೀಯರು ಮೂರನೆಯದು ಎಂದು ಬೇರೆ ಹೇಳಬೇಕಾಗಿಲ್ಲ. ಅವರ ಲೇಖನದಲ್ಲಿ ನನಗೆ ಮುಖ್ಯವಾಗಿ ತೋರಿದ್ದು, ಪಾತ್ರವೆಂಬುದು ಮನುಷ್ಯನ ಹಣೆಯಲ್ಲಿ ಬರೆದದ್ದಲ್ಲ ಎಂಬ ಅಂಶ. ಮುಂದಾಳುತನದ ಕೆಲಸಗಳೂ ಒಬ್ಬರ ಸೊತ್ತಲ್ಲ. ಒಂದೊಂದು ಗಳಿಗೆಗೆ ಒಬ್ಬೊಬ್ಬರು ಅವನ್ನು ಹೊರುತ್ತಾರೆ. ಮುನಿದ ಬೀಗರ ಮುಂದೆ ಕುಳಿತ ಆ ಹೊತ್ತಿನಲ್ಲಿ ಮದುವೆಯ ಮನೆಯ ಮುಂದಾಳು ಯಜಮಾನರಲ್ಲ, ಚಿಕ್ಕಪ್ಪ.

ವ್ಯಾಕರಣ ಪಾಠ ಹೇಳುವವನಿಗೆ ಇಲ್ಲಿ ಅವ್ಯಯದ ನೆನಪಾಗದೆ ಇರದು. ಕರ್ತೃಪದ, ಕರ್ಮಪದಗಳಿಗೆ ಲಿಂಗ, ವಚನ, ವಿಭಕ್ತಿಗಳ ಆಡಂಬರವೆಲ್ಲ ಉಂಟು. ‘ಮತ್ತು’, ‘ಆದರೆ’, ‘ಆದ್ದರಿಂದ’ ಎಂಬ ಅವ್ಯಯಗಳಿಗೆ ಅದೊಂದೂ ಇಲ್ಲ. ಯಾರು ಕರ್ತೃವಾದರೂ ಅವು ಮಾರ್ಪಡುವುದಿಲ್ಲ. ಅವನ್ನು ತೆಗೆದುಬಿಟ್ಟು ಒಂದು ಪುಟ ಬರೆದು ನೋಡಿ. ಸಂಘಗಳಲ್ಲಿಯೂ ಹೀಗೆಯೇ, ಐದು ಜನ ಅಧ್ಯಕ್ಷರು ಬದಲಾದರೂ ಬದಲಾಗದೆ ಲೆಕ್ಕದ ಪುಸ್ತಕ ಇಟ್ಟುಕೊಂಡು ಕುಳಿತ ಒಬ್ಬ ಖಜಾಂಚಿ ಇರುತ್ತಾನೆ.

ಶಾಲೆಯಲ್ಲಿ ನಾವು ಮಕ್ಕಳಿಗೆ ಮುಂದಾಳುತನ ಕಲಿಸುತ್ತೇವೆಂದು ಹೇಳಿಕೊಳ್ಳುತ್ತೇವೆ. ತರಗತಿಗೊಬ್ಬ ಮಾನಿಟರನನ್ನು ನೇಮಿಸುತ್ತೇವೆ. ಅವನಿಗೆ ಕೊಡುವ ಕೆಲಸವೇನು? ಮೇಷ್ಟರು ಇಲ್ಲದಾಗ ಮಾತನಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವುದು! ಮುಂದಾಳೆಂದರೆ ಚಾಡಿ ಹೇಳುವವನು ಎಂಬ ಪಾಠವನ್ನು ಹನ್ನೆರಡನೆಯ ವಯಸ್ಸಿಗೇ ಕಲಿಸಿಬಿಡುವ ಈ ಪದ್ಧತಿ ನನಗೆ ಕೊಂಚವೂ ಹಿಡಿಸದು. ಇದಕ್ಕಿಂತ ವಾರ್ಷಿಕೋತ್ಸವದ ನಾಟಕವೇ ಮೇಲು. ಪರೀಕ್ಷೆಯಲ್ಲಿ ಹಿಂದೆ ಬೀಳುವ, ರಂಗದ ಮೇಲೆ ನಿಂತರೆ ಕಾಲು ನಡುಗುವ ಹುಡುಗನಿಗೆ ಎಲ್ಲ ಪಾತ್ರಗಳ ಮಾತೂ ಬಾಯಿಪಾಠವಾಗಿರುವುದುಂಟು. ಅವನನ್ನು ಪರದೆಯ ಮರೆಯಲ್ಲಿ, ಮಾತು ಎತ್ತಿಕೊಡುವ ಜಾಗದಲ್ಲಿ ಕೂರಿಸಿ ನೋಡಿ. ಅಂದಿನಿಂದ ಅವನ ನಡಿಗೆಯೇ ಬೇರೆಯಾಗುತ್ತದೆ. ಯಾವ ಜಾಗ ಬರಿದಾಗಿದೆ, ಅದಕ್ಕೆ ಯಾರು ಒದಗುತ್ತಾರೆ ಎಂದು ಕಾಣುವ ಕಣ್ಣನ್ನೇ ನಾನು ಮುಂದಾಳಿನ ಮೊದಲ ಗುಣವೆಂದು ಎಣಿಸುತ್ತೇನೆ. ‘ನೇತ್ರ’ಕ್ಕೂ ‘ನೇತೃ’ವಿಗೂ ಧಾತು ಒಂದೇ ಆಗಿರುವುದು ಸುಮ್ಮನಲ್ಲ.

ಈ ಕಣ್ಣು ಇದ್ದೂ ಎಡವಿದ ಒಂದು ಪ್ರಸಂಗ ವ್ಯಾಸಭಾರತದ ಸಭಾಪರ್ವದಲ್ಲಿದೆ. ಧರ್ಮರಾಯನ ರಾಜಸೂಯ. ದೇಶದೇಶದ ರಾಜರು ಬಂದಿದ್ದಾರೆ. ಧರ್ಮರಾಯನು ಕೆಲಸ ಹಂಚುವುದನ್ನು ನೋಡಿ. ಊಟೋಪಚಾರ ದುಶ್ಶಾಸನನಿಗೆ. ರಾಜರ ಸತ್ಕಾರ ಸಂಜಯನಿಗೆ. ಬ್ರಾಹ್ಮಣರ ಆದರಣೆ ಅಶ್ವತ್ಥಾಮನಿಗೆ. ವೆಚ್ಚದ ಲೆಕ್ಕ ವಿದುರನಿಗೆ. ಅದಕ್ಕಿಂತ ತಕ್ಕ ಕೈ ಬೇರೆ ಎಲ್ಲಿ? ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ನೋಡಿಕೊಳ್ಳುವುದು ಹಿರಿಯರಾದ ಭೀಷ್ಮದ್ರೋಣರಿಗೆ. ಬಂದವರ ಪಾದ ತೊಳೆಯುವ ಕೆಲಸವನ್ನು ಕೃಷ್ಣನು ತಾನಾಗಿ ವಹಿಸಿಕೊಂಡ. ಅಗ್ರಪೂಜೆ ಸಂದದ್ದೂ ಅವನಿಗೇ. ಇಷ್ಟೆಲ್ಲ ಸರಿಯಾಗಿ ಮಾಡಿದ ಧರ್ಮರಾಯ ಒಂದು ಕಡೆ ತಪ್ಪಿದ. ರಾಜರು ತಂದ ಕಾಣಿಕೆಗಳನ್ನು ಸ್ವೀಕರಿಸುವ ಕೆಲಸಕ್ಕೆ ದುರ್ಯೋಧನನನ್ನು ನಿಲ್ಲಿಸಿದ. ಗೌರವ ತೋರಿಸಬೇಕೆಂಬುದೇ ಅವನ ಉದ್ದೇಶವಿದ್ದೀತು. ಆದರೆ ದಾಯಾದಿಯ ಸಿರಿಯನ್ನು ತನ್ನ ಕೈಯಿಂದಲೇ ಮುಟ್ಟಿ ಮುಟ್ಟಿ ತೆಗೆದಿಡಬೇಕಾದವನ ಹೊಟ್ಟೆ ಹೇಗೆ ಉರಿದಿರಬೇಕು! ಊರಿಗೆ ಹಿಂದಿರುಗಿ ತಂದೆಯ ಮುಂದೆ ಅವನು ಹೇಳಿಕೊಂಡದ್ದೂ ಅದನ್ನೇ. ರತ್ನಗಳನ್ನು ತೆಗೆದುಕೊಂಡು ತೆಗೆದುಕೊಂಡು ತನ್ನ ಕೈಗಳು ಸೋತುಹೋದುವು ಎಂದು. ಜೂಜಿಗೆ ಅಲ್ಲಿಂದ ಬಹಳ ದೂರವಿರಲಿಲ್ಲ.

ಮುಂದೆ ಕುರುಕ್ಷೇತ್ರದಲ್ಲಿ ಕೌರವನಿಗೆ ಹನ್ನೊಂದು ಅಕ್ಷೋಹಿಣಿ, ಪಾಂಡವರಿಗೆ ಏಳು. ಸೇನಾಪತಿಗಳೂ ಕೌರವನ ಕಡೆಯವರೇ ದೊಡ್ಡವರು. ಆದರೆ ಮೊದಲನೆಯ ಸೇನಾಪತಿಯಾದ ಭೀಷ್ಮನು ಕರ್ಣನನ್ನು ಅರ್ಧರಥನೆಂದು ಹಳಿದ; ಭೀಷ್ಮನು ಬೀಳುವವರೆಗೆ ಬಿಲ್ಲು ಹಿಡಿಯೆನೆಂದು ಕರ್ಣನು ಹಟ ಹಿಡಿದ. ಹತ್ತು ದಿನ ಕರ್ಣನಿಲ್ಲದ ಯುದ್ಧ. ಕೊನೆಗೆ ಕರ್ಣನೇ ಸೇನಾಪತಿಯಾದಾಗ ಅವನಿಗೆ ದೊರೆತ ಸಾರಥಿ ಶಲ್ಯ. ಸೂತಪುತ್ರನ ರಥದ ಹಗ್ಗ ಹಿಡಿಯಬೇಕಾಯಿತಲ್ಲ ಎಂದು ಒಳಗೇ ಕುದಿಯುತ್ತಿದ್ದವನು, ಮೇಲಾಗಿ ಕರ್ಣನ ಧೈರ್ಯಗುಂದಿಸುತ್ತೇನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದವನು. ಆ ಕಡೆ ಅದೇ ಸಾರಥಿಯ ಜಾಗದಲ್ಲಿ ಕೃಷ್ಣ. ಪಾಂಡವರ ಸೇನಾಪತಿ ಧೃಷ್ಟದ್ಯುಮ್ನ, ಅರ್ಜುನನಲ್ಲ, ಭೀಮನಲ್ಲ. ಹದಿನೆಂಟು ದಿನವೂ ಅವನ ಪದವಿಗಾಗಿ ಅಣ್ಣತಮ್ಮಂದಿರಲ್ಲಿ ಯಾರೂ ಕೈಚಾಚಲಿಲ್ಲ.

ಪುರಾಣದ ಮಾತಾಯಿತು, ನಮ್ಮ ನಾಡಿನಲ್ಲಿಯೇ, ನಮ್ಮ ಅಜ್ಜಂದಿರ ಕಾಲದಲ್ಲಿ ನಡೆದ ಒಂದು ರಾಜಸೂಯವನ್ನು ನೋಡೋಣ. 1924ನೆಯ ಡಿಸೆಂಬರ್ 26, 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಆ ಅಧ್ಯಕ್ಷತೆಯ ಹಿನ್ನೆಲೆ ತಿಳಿದರೆ ಅದರ ಭಾರ ತಿಳಿಯುತ್ತದೆ. ಗಾಂಧೀಜಿ ಸೆರೆಮನೆಯಲ್ಲಿದ್ದಾಗ ಕಾಂಗ್ರೆಸ್ಸು ಎರಡಾಗಿತ್ತು. ಶಾಸನಸಭೆಗಳನ್ನು ಹೊಕ್ಕು ಹೋರಾಡಬೇಕೆಂದು ಚಿತ್ತರಂಜನ ದಾಸರೂ ಮೋತಿಲಾಲ್ ನೆಹರೂ ಅವರೂ ಒಂದು ಕಡೆ. ಕೂಡದೆಂದು ಗಾಂಧೀಜಿಯ ನೆಚ್ಚಿನ ಅನುಯಾಯಿಗಳು ಇನ್ನೊಂದು ಕಡೆ. ಗಾಂಧೀಜಿಯ ಸ್ವಂತ ಅಭಿಪ್ರಾಯ ಎರಡನೆಯವರದೇ. ಅವರು ಹಟ ಹಿಡಿದಿದ್ದರೆ ಕಾಂಗ್ರೆಸ್ಸು ಒಡೆಯುತ್ತಿತ್ತು. ಬೆಳಗಾವಿಗೆ ಮುಂಚೆಯೇ ದಾಸರೊಡನೆ, ನೆಹರೂ ಅವರೊಡನೆ ಒಪ್ಪಂದಕ್ಕೆ ಬಂದು, ಶಾಸನಸಭೆಯ ಕೆಲಸವನ್ನು ಕಾಂಗ್ರೆಸ್ಸಿನ ಪರವಾಗಿ ಅವರಿಗೆ ಬಿಟ್ಟುಕೊಟ್ಟರು. ಅಸಹಕಾರವನ್ನು ತಡೆಹಿಡಿಯಲು ಒಪ್ಪಿದರು. ತಮ್ಮ ಪಾಲಿಗೆ ಚರಕವನ್ನು ಉಳಿಸಿಕೊಂಡರು. ಬೆಳಗಾವಿಯಲ್ಲಿ ಅದಕ್ಕೆ ಮುದ್ರೆ ಬಿತ್ತು. ತನ್ನ ಮಾತೇ ನಡೆಯಬೇಕೆನ್ನುವವನನ್ನು ಧೀರನೆಂದು ಕರೆಯುವ ಅಭ್ಯಾಸ ನಮಗಿದೆ. ನಡೆಸಬಲ್ಲ ಶಕ್ತಿಯಿದ್ದೂ ಬಿಟ್ಟುಕೊಡುವುದಕ್ಕೆ ಬೇಕಾದ ಧೈರ್ಯವನ್ನು ಏನೆಂದು ಕರೆಯೋಣ?

ಗಾಂಧೀಜಿ ಪೀಠದಲ್ಲಿದ್ದರು, ಸರಿ. ಆ ಪೀಠವನ್ನು ಹಾಕಿದವರಾರು? ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಸ್ವಾಗತ ಸಮಿತಿಯ ಅಧ್ಯಕ್ಷರು. ಟಿಳಕವಾಡಿಯ ಬಯಲಿನಲ್ಲಿ ‘ವಿಜಯನಗರ’ವೆಂಬ ಹೊಸ ಊರನ್ನೇ ಎಬ್ಬಿಸಿದರು. ನೀರಿಗೆಂದು ತೋಡಿಸಿದ ಭಾವಿ ಇಂದಿಗೂ ಅಲ್ಲಿದೆ. ಗಾಂಧೀಜಿ ಇಳಿದುಕೊಳ್ಳಲು ಬಿದಿರು, ಖಾದಿಗಳಿಂದ ಒಂದು ಕುಟೀರ ಕಟ್ಟಿಸಿದರೆ, ಇದು ಅರಮನೆಯಾಯಿತೆಂದು ಅವರಿಂದ ಹಾಸ್ಯ ಮಾಡಿಸಿಕೊಂಡರು. ಸ್ವಯಂಸೇವಕರ ದಳಕ್ಕೆ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು. ಅಮೆರಿಕದಲ್ಲಿ ಓದಿ ಬಂದ ಈ ವೈದ್ಯರು, 1923ರ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ನೆಲೆಗೊಂಡ ಹಿಂದೂಸ್ತಾನಿ ಸೇವಾದಳದ ಜೀವಾಳ. ಆ ಸಂಸ್ಥೆಗೆ ಅಧ್ಯಕ್ಷರಾಗಿ ಜವಾಹರಲಾಲ್ ನೆಹರೂ ಅವರನ್ನು ಕೂರಿಸಿ, ತಾವು ಕವಾಯತಿನ ಬಯಲಿನಲ್ಲಿ ನಿಂತವರು. ಹುಯಿಲಗೋಳ ನಾರಾಯಣರಾಯರ ಗೀತೆಯನ್ನು ಹಾಡಿದ ತಂಡದಲ್ಲಿ ಧಾರವಾಡದ ಒಬ್ಬ ಪುಟ್ಟ ಹುಡುಗಿಯಿದ್ದಳು. ಮುಂದೆ ನಾಡೆಲ್ಲ ಅವರನ್ನು ಗಂಗೂಬಾಯಿ ಹಾನಗಲ್ ಎಂದು ಅರಿಯಿತು.

ಇನ್ನು ಯಾರೂ ಕೈಚಾಚದ ಒಂದು ಕೆಲಸ. ಸಾವಿರಾರು ಜನ ಸೇರಿದ ಊರಿನಲ್ಲಿ ಕಕ್ಕಸಿನ ಶುಚಿ ಯಾರ ಪಾಲು? ಅದರ ಹೊಣೆ ಕಾಕಾ ಕಾಲೇಲ್ಕರರದು. ಗುಜರಾತಿ ಗದ್ಯದಲ್ಲಿ ದೊಡ್ಡ ಹೆಸರು ಪಡೆದ ಲೇಖಕರವರು. ಅವರ ಕೈಕೆಳಗೆ ಆ ಕೆಲಸ ಮಾಡಿದ ಸ್ವಯಂಸೇವಕರಲ್ಲಿ ಬಹುಮಂದಿ ಹುಟ್ಟಿನಿಂದ ಬ್ರಾಹ್ಮಣರು. ಒಂದು ಜಾತಿಯ ತಲೆಗೆ ಸಾವಿರ ವರ್ಷದಿಂದ ಕಟ್ಟಿದ ಪಾತ್ರವನ್ನು ಎರಡು ದಿನದ ಮಟ್ಟಿಗಾದರೂ ಕಳಚಿ ಇನ್ನೊಬ್ಬರು ಹೊತ್ತರು. ಎರಡು ದಿನದಿಂದ ಏನಾಯಿತು ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಗಾಂಧೀಜಿ ಮಾತ್ರ ಬೆಳಗಾವಿಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬರೆಯುವಾಗ ಈ ತಂಡವನ್ನು ನೆನೆಯದೆ ಬಿಡಲಿಲ್ಲ. ಕಾಣದ ಕೆಲಸವನ್ನು ಕಂಡು ಹೇಳುವುದು ಮುಂದಾಳಿನ ಸಾಲಗಳಲ್ಲಿ ಒಂದು, ಹೆಚ್ಚಿನವರು ತೀರಿಸದೆ ಉಳಿಸಿಕೊಳ್ಳುವ ಸಾಲ.

ಎಲ್ಲ ಸಭೆಯಲ್ಲಿಯೂ ಇರಬೇಕಾದ ಇನ್ನೊಂದು ಪಾತ್ರವನ್ನು ಹೇಳದೆ ಮುಂದೆ ಹೋಗಲಾರೆ. ಅದು ‘ಬೇಡ’ ಎನ್ನುವವರ ಪಾತ್ರ. ಎಲ್ಲರೂ ಹೂಂಗುಟ್ಟಿದಾಗ ಮೂಲೆಯಿಂದ ಎದ್ದು, ‘ಇದಕ್ಕೆ ಹಣ ಎಲ್ಲಿಂದ?’ ಎಂದು ಕೇಳುವವರನ್ನು ನಾವು ಅಪಶಕುನದವರೆಂದು ಕರೆಯುತ್ತೇವೆ. ದ್ಯೂತಸಭೆಯಲ್ಲಿ ವಿದುರನಿಗೂ, ವಿಕರ್ಣನಿಗೂ ಸಿಕ್ಕ ಮರ್ಯಾದೆ ಅದೇ. ವಿಕರ್ಣನು ಕೌರವರಲ್ಲಿಯೇ ಒಬ್ಬ; ಅಣ್ಣನ ಎದುರಿಗೆ ನಿಂತು ದ್ರೌಪದಿಯ ಪರವಾಗಿ ಮಾತನಾಡಿದ ತರುಣ. ಅವನನ್ನು ಗದರಿಸಿ ಕೂರಿಸಿದ ಕರ್ಣ ತನ್ನ ಗುಂಪಿಗೆ ಉಪಕಾರ ಮಾಡಿದನೆ? ನಿಮ್ಮ ಸಮಿತಿಯಲ್ಲಿ ಒಬ್ಬ ವಿಕರ್ಣನಿದ್ದರೆ ಅವನಿಗೆ ಚಹಾ ಕೊಟ್ಟು ಮುಂದಿನ ಸಭೆಗೂ ಕರೆಯಿರಿ.

ಬೆಳಗಾವಿಗೆ ಹಿಂದಿರುಗೋಣ. ಹರ್ಡೀಕರರ ದಳದಲ್ಲಿ ಮಹಿಳೆಯರ ವಿಭಾಗವನ್ನು ನಡೆಸಿದವರು ಉಮಾಬಾಯಿ ಕುಂದಾಪುರ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮನೆಮನೆಗೆ ಹೋಗಿ, ಹೊಸಿಲು ದಾಟದ ಹೆಂಗಸರನ್ನು, ಅವರಲ್ಲಿ ಎಷ್ಟೋ ಜನ ವಿಧವೆಯರನ್ನು, ಒಪ್ಪಿಸಿ ಕರೆತಂದು ನೂರಕ್ಕೂ ಹೆಚ್ಚು ಸೇವಿಕೆಯರನ್ನು ಆ ಬಯಲಿನಲ್ಲಿ ನಿಲ್ಲಿಸಿದರು. ಅಧಿವೇಶನ ಮುಗಿಯಿತು, ಚಪ್ಪರ ಬಿಚ್ಚಿದರು. ಅವರ ಕೆಲಸ ಮುಗಿಯಲಿಲ್ಲ. 1932ರಲ್ಲಿ ಅವರು ಸೆರೆಮನೆಯಲ್ಲಿದ್ದರು. ಬಿಡುಗಡೆಯಾದ ಮೇಲೆ, ಸೆರೆಮನೆಯಿಂದ ಬಂದು ಮನೆಗೆ ಹೋಗಲಾರದ ಹೆಂಗಸರಿಗೆ ತಮ್ಮ ಮನೆಯಲ್ಲಿ ನೆಲೆ ಕೊಟ್ಟರು. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಹರ್ಡೀಕರರೊಡನೆ ಅಲ್ಲಿಗೆ ಹೋಗಿ ನಿರಾಶ್ರಿತರ ನಡುವೆ ದುಡಿದರು. ಸ್ವಾತಂತ್ರ್ಯ ಬಂದ ಮೇಲೆ ತಾಮ್ರಪತ್ರ ಅವರನ್ನು ಹುಡುಕಿಕೊಂಡು ಬಂತು, ಒಲ್ಲೆನೆಂದರು. 1992ರಲ್ಲಿ ತೀರಿಕೊಳ್ಳುವವರೆಗೆ ಹುಬ್ಬಳ್ಳಿಯ ಒಂದು ಚಿಕ್ಕ ಮನೆಯಲ್ಲಿದ್ದರು.